ದೇವದುರ್ಗದಾಚೆ ಒಂದು ಭಾನುವಾರ

ಶನಿವಾರ ಬೆಳಿಗ್ಗೆ ರಾಯಚೂರಿನಲ್ಲಿ ಮಾನ್ವಿಯ ಬಸ್ಸು ಹತ್ತಿದಾಗ ನನ್ನ ಪಕ್ಕದ ಸೀಟು ಖಾಲಿಯಿತ್ತು. ಪ್ರತಿ ಸಲ ಅಲ್ಲಿ ಕೂರುತ್ತಿದ್ದ ಜೊತೆಗಾರ, ತಂದೆಗೆ ಹುಷಾರಿಲ್ಲವೆಂದು ಊರಿಗೆ ಹೋದವನು ಮರಳಿ ಬಂದಿರಲಿಲ್ಲ. ನಾವಿಬ್ಬರೂ ಒಂದು ಸಣ್ಣ ಕ್ರೈಸ್ತ ಸಭೆಯ ಸೇವೆಗೆಂದು ಕೊಳ್ಳೇಗಾಲದ ಕಡೆಯಿಂದ ಬಂದವರು. ಕೆಲಸ ದೊಡ್ಡದೇನಲ್ಲ. ಹಳ್ಳಿಗಳಲ್ಲಿ ಚದುರಿದಂತಿರುವ ಸಭೆಯ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಓದಿ, ಪ್ರಾರ್ಥಿಸಿ, ಕಷ್ಟಸುಖ ಕೇಳಿಕೊಂಡು ಬರುವುದು. ಜೊತೆಯಲ್ಲೊಬ್ಬ ಇದ್ದಾಗ ಅದು ಹಗುರವಾಗಿತ್ತು. ಈ ಸುತ್ತು ಮುಗಿದ ಕೂಡಲೇ ಪಾಸ್ಟರಿಗೆ ಹೇಳಿ ನಾನೂ ಊರಿಗೆ ಹೊರಟುಬಿಡುವುದೆಂದು ಮನಸ್ಸು ಮಾಡಿದ್ದೆ.

ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿದ್ದವು. ಬಿಸಿಲು ಆಗಲೇ ಏರಿತ್ತು. ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಬುಟ್ಟಿ, ಚೀಲಗಳ ನಡುವೆ ತಡಕಾಡುತ್ತ, "ತಮ್ಮಾ, ಸ್ವಲ್ಪ ಹಿಡ್ಕೋರಿ" ಎಂದು ಮಲಗಿದ್ದ ಕೂಸನ್ನು ನನ್ನ ತೊಡೆಗೆ ಹಾಕಿದಳು. ಅದು ಬಿಸಿ ಉಸಿರು ಬಿಡುತ್ತ ನನ್ನ ಅಂಗಿಗೆ ಮುಖ ಒತ್ತಿಕೊಂಡಿತು. ಮಾನ್ವಿಯಲ್ಲಿ ಅವಳು ಅದನ್ನೆತ್ತಿಕೊಂಡು ಇಳಿದುಹೋದ ಮೇಲೆ ಎದೆಯ ಮೇಲೊಂದು ಒದ್ದೆ ಗುರುತು ಉಳಿಯಿತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಆ ರಾತ್ರಿ ಮಾನ್ವಿಯಲ್ಲಿ ಸಭೆಯ ಒಬ್ಬ ಮಾಸ್ತರರ ಮನೆಯಲ್ಲಿ ಉಳಿದೆ. ಒಳ್ಳೆಯ ಜನ. ನನಗೆಂದೇ ಹೊಸ ಚಾದರ ಹಾಸಿದರು, ಕುರ್ಚಿ ಮೇಜು ಇಟ್ಟು ಒಬ್ಬನಿಗೇ ಊಟ ಬಡಿಸಿದರು. "ನೀವು ಮೊದಲ ಮಾಡ್ರಿ, ನಾವು ಆಮ್ಯಾಲ ಕುಂದರ್ತೀವಿ" ಎಂದರು. ನಾನು ಎದ್ದ ಮೇಲೆ ಅವರೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಒಟ್ಟಿಗೆ ಕುಳಿತು ಉಂಡರು. ಮಾಸ್ತರರ ಮಗ ನನ್ನ ವಯಸ್ಸಿನವನೇ. ಅವನು ಏನೋ ಹೇಳಿ ತಾಯಿಯನ್ನು ನಗಿಸುತ್ತಿದ್ದುದು ಹೊರಗೆ ಕೇಳುತ್ತಿತ್ತು. ಆ ನೆಲದ ಮೇಲೆ ನನಗೂ ಒಂದು ತಟ್ಟೆ ಹಾಕಿದ್ದರೆ ಎನ್ನಿಸಿತು. ಅಷ್ಟು ಗೌರವ ಕೊಟ್ಟವರ ಮುಂದೆ ಹಾಗೆ ಕೇಳುವುದು ಹೇಗೆ?

ಭಾನುವಾರ ನಸುಕಿಗೇ ದೇವದುರ್ಗದ ಬಸ್ಸು ಹಿಡಿದೆ. ಅಲ್ಲಿಂದ ಮುಂದಕ್ಕೆ ಗೂಗಲ್ ಎಂಬ ಊರಿನ ದಾರಿಯ ಟಂಟಂ ಆಟೋ. ಡ್ರೈವರ್ ಪಕ್ಕದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಕುಳಿತು ಧೂಳು ತಿನ್ನುತ್ತ ಹಳ್ಳಿ ಸೇರಿದೆ. ಹೋಗಬೇಕಿದ್ದದ್ದು ದಾನಪ್ಪನ ಮನೆಗೆ. ಆ ಊರಿನಲ್ಲಿ ನಮ್ಮ ಸಭೆಗೆ ಸೇರಿದ್ದು ಅದೊಂದೇ ಮನೆ. ಬಾಗಿಲಿಗೆ ಕೀಲಿ ಬಿದ್ದಿತ್ತು.

ಎದುರುಮನೆಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತಿದ್ದ ಮುದುಕಿ ತಲೆಯೆತ್ತಿದಳು. ಹಣೆಯ ತುಂಬ ವಿಭೂತಿ.

"ಯಾರ್ ಬೇಕು ಯಪ್ಪಾ?"

"ದಾನಪ್ಪನವರು."

"ಹೈದ್ರಾಬಾದಿಗಿ ದುಡಿಯಾಕ ಹೋಗ್ಯಾರ, ಎಲ್ಲಾರೂ. ಇನ್ನ ಮಳಿಗಾಲಕ್ಕ ಬರೂದು. ನೀ ತಿಂಗಳಾ ಬರಾಂವ ಅಲ್ಲೇನು? ಇನ್ನೊಬ್ಬ ಎಲ್ಲಿ?"

"ಊರಿಗೆ ಹೋದ ಅಮ್ಮಾ."

ಹಿಂದಿರುಗುವ ಟಂಟಂ ಮಧ್ಯಾಹ್ನಕ್ಕೆ. ನಾನು ಬೀಗದತ್ತಲೇ ನೋಡುತ್ತ ನಿಂತುಬಿಟ್ಟೆ. ಮುದುಕಿ ಒಳಗೆ ಹೋಗಿ, ದಾನಪ್ಪ ತನ್ನಲ್ಲಿ ಬಿಟ್ಟುಹೋಗಿದ್ದ ಕೀಲಿಕೈ ತಂದು ಬಾಗಿಲು ತೆರೆದಳು. ಮೂಲೆಯ ಜೇಡರಬಲೆ ಹೊಡೆದು, ಚಾಪೆ ಹಾಸಿ, "ನಿನ್ನ ಕೆಲಸ ನೀ ಮಾಡಿಕೋ" ಎಂದಳು.

"ಜನ ಇಲ್ಲವಲ್ಲಮ್ಮಾ."

"ಯಾಕ, ನಾ ಮಂದಿ ಅಲ್ಲೇನು?" ಎಂದು ಸೆರಗು ಸರಿಮಾಡಿಕೊಂಡು ಎದುರಿಗೇ ಕುಳಿತಳು. "ಅಷ್ಟ ದೂರದಿಂದ ಬಂದಿ. ಖಾಲಿ ಗ್ವಾಡಿಗಿ ಮಾತಾಡಬ್ಯಾಡ. ಓದು."

ಒಂದು ಕೀರ್ತನೆ ಓದಲು ತೊಡಗಿದೆ. ಜೊತೆಗಾರನಿದ್ದಾಗ ಅವನೊಂದು ಸಾಲು, ನಾನೊಂದು ಸಾಲು. ಈಗ ಅವನ ಸಾಲು ಬಂದಾಗೆಲ್ಲ ತಡೆದು ನಿಲ್ಲುವಂತಾಗುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ತುಂಬಿತು. ಅಕ್ಷರಗಳು ಕಾಣದಾದವು. ಮುದುಕಿ ಎದ್ದು ಹೋಗಲಿಲ್ಲ. ನಾನು ಕಣ್ಣೊರೆಸಿಕೊಂಡು, ಹೇಗೋ ಮುಗಿಸಿ, ದಾನಪ್ಪನ ಮನೆಯವರಿಗಾಗಿ ಪ್ರಾರ್ಥಿಸಿದೆ. ಅವರ ಹೆಸರು ಬಂದಾಗ ಅವಳೂ ಕೈಮುಗಿದಳು.

"ಅರ್ಧ ತಿಳೀತು, ಅರ್ಧ ತಿಳೀಲಿಲ್ಲ" ಎಂದಳು ಆಮೇಲೆ. "ಯಾಕ ಅತ್ತಿ?"

"ಮನೆ ನೆನಪಾಯ್ತು."

"ಅದು ತಿಳೀತು. ಏನ್ ಹೆಸರು ನಿಂದು?"

"ಸ್ಯಾಮುವೇಲ."

"ಶಾಮಣ್ಣ" ಎಂದು ತನ್ನ ಬಾಯಿಗೆ ಹೊಂದಿಸಿಕೊಂಡಳು. "ನಾ ಶರಣಮ್ಮ. ಏಳು, ಉಣ್ಣು ಬಾ."

ನಾನು ಅವಳ ಕಟ್ಟೆಯ ಮೇಲೆಯೇ ಕುಳಿತೆ. ಅವಳ ಹಣೆಯ ವಿಭೂತಿ, ನನ್ನ ಕೊರಳಿನ ಶಿಲುಬೆ ಎರಡೂ ಮನಸ್ಸಿನಲ್ಲಿದ್ದವು. "ಅಲ್ಲ್ಯಾಕ ಕುಂತಿ? ಅಲ್ಲಿ ಬಿಸಲದ, ಒಳಗ ಬಾ" ಎಂದು ಒಳಗಿನಿಂದಲೇ ಗದರಿದಳು. ಒಲೆಯ ಪಕ್ಕ ನೆಲದ ಮೇಲೆ ಕೂರಿಸಿ, ಬಿಸಿ ಜೋಳದ ರೊಟ್ಟಿ ಬಡಿಬಡಿದು ಹಾಕಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಸಾಕೆಂದರೆ ಕೇಳಲಿಲ್ಲ. ತಾನೂ ಒಂದು ರೊಟ್ಟಿ ಮುರಿದುಕೊಂಡು ಎದುರಿಗೆ ಕುಳಿತು, ನನ್ನವ್ವ ಏನು ಕೆಲಸ ಮಾಡುತ್ತಾಳೆ, ನಮ್ಮ ಕಡೆ ರೊಟ್ಟಿ ತಿನ್ನುತ್ತಾರೋ ಇಲ್ಲವೋ ಎಂದೆಲ್ಲ ಕೇಳಿದಳು. ಅವ್ವ ರೇಷ್ಮೆಹುಳ ಸಾಕುತ್ತಾಳೆ ಎಂದದ್ದನ್ನು ನಂಬಲೇ ಇಲ್ಲ. "ಹುಳಾ ಸಾಕ್ತೀರಿ? ಮನಿಯಾಗ?" ಎಂದು ನಕ್ಕೂ ನಕ್ಕೂ ಕೆಮ್ಮಿದಳು. ನಾನೂ ನಕ್ಕೆ.

ಟಂಟಂ ಬಂದಾಗ ರಸ್ತೆಯವರೆಗೂ ಬಂದಳು. "ನಮ್ಮ ಹುಡುಗ ಅದಾನ, ಒಳಗ ಜಾಗ ಮಾಡಿ ಕುಂದ್ರಸು" ಎಂದು ಡ್ರೈವರನಿಗೆ ಅಪ್ಪಣೆ ಮಾಡಿದಳು. ಅವನು ಒಬ್ಬ ದಪ್ಪ ಮನುಷ್ಯನನ್ನು ಸರಿಸಿ ನನಗೆ ಜಾಗ ಮಾಡಿದ. ಹೊರಟ ಮೇಲೆ ತಿರುಗಿ ನೋಡಿದೆ. ಶರಣಮ್ಮ ಆಗಲೇ ಬೆನ್ನು ಮಾಡಿ, ಮೆಣಸಿನಕಾಯಿಗೆ ಬಾಯಿ ಹಾಕಲು ಬಂದ ಮೇಕೆಯನ್ನು ಓಡಿಸುತ್ತಿದ್ದಳು.

ರಾಯಚೂರು ಸೇರಿದಾಗ ದೀಪ ಹತ್ತಿದ್ದವು. ದಾನಪ್ಪನವರು ಗುಳೆ ಹೋದ ಸುದ್ದಿ ಹೇಳಿದಾಗ ಪಾಸ್ಟರ್, "ಹಂಗಾರ ಮಳಿಗಾಲದ ತನಕ ಆ ಊರು ಬಿಡು" ಎಂದರು. ನಾನು, "ಹೋಗಿ ಬರ್ತೀನಿ ಸರ್, ನನ್ನದೇ ಖರ್ಚಿನಲ್ಲಿ" ಎಂದೆ. ಅವರು ನನ್ನ ಮುಖ ನೋಡಿದರು. ಊರಿಗೆ ಹೊರಡುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಕೋಣೆಯಲ್ಲಿ ಜೊತೆಗಾರನ ಮಂಚ ಹಾಗೇ ಬರಿದಾಗಿತ್ತು. ದೀಪ ಹಾಕಿ, ಅದರ ಮೇಲೆ ಚೀಲವಿಟ್ಟು, ಅವ್ವನಿಗೆ ಫೋನ್ ಮಾಡಿದೆ.

"ಯಾವತ್ಲಾ ಬಂದೀಯೆ ಮಗ?" ಎಂದಳು ಮೊದಲಿಗೇ.

"ಇನ್ನೊಂದೀಟು ದಿನ ಆಗ್ತದ ಯವ್ವಾ."

"ಇದ್ಯಾವ ಸೀಮೆ ಮಾತ್ಲಾ ಆಡೀಯೆ?" ಎಂದಳು.