ಪೋನಿಯಾ ನಾಲ್ಕನೇ ಕ್ಲಾಸಿಗೆ ಸೇರಿದ್ದು

ನಮ್ಮ ಸೋಲೊ ಊರಿನ ಗಲ್ಲಿಗಳಲ್ಲಿ ಪೋನಿಯಾ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಷಾಯ ಮಾರುತ್ತಾಳೆ. ಅರಿಶಿನ-ಹುಣಸೆ, ಶುಂಠಿ, ಒಂದೆಲಗ, ಮುಖ ಕಿವುಚಿಸುವ ಅಮೃತಬಳ್ಳಿ, ಎಲ್ಲ ಅವಳ ಬಾಟಲಿಗಳಲ್ಲಿವೆ. ಏಳು ವರ್ಷದವಳಿದ್ದಾಗಲೇ ಅವಳಿಗೆ ಮೂರ್ಛೆರೋಗ ಹಿಡಿಯಿತು. ಮೂರನೇ ಕ್ಲಾಸಿನಲ್ಲಿ ಬೆಂಚಿನಿಂದ ಬಿದ್ದು ಒದ್ದಾಡಿದ ದಿನ ದರ್ಸೋನೊ ಮೇಷ್ಟ್ರು, "ಇವಳ ತಲೆಗೆ ವಿದ್ಯೆ ಹತ್ತಲ್ಲ, ಇನ್ನು ಕಳಿಸ್ಬೇಡಿ" ಎಂದು ಮನೆಗೆ ಅಟ್ಟಿದರು. ಆಮೇಲೆ ಸುಮಾರು ನಲವತ್ತು ವರ್ಷ ಊರು ಅವಳನ್ನು ದಡ್ಡಿ ಎಂದಿತು. ಅವಳೂ ಹೌದೆಂದುಕೊಂಡಳು.

ಹಳೆಯ ಮಾತ್ರೆ ನುಂಗಿ ಸದಾ ತೂಕಡಿಸುತ್ತಿದ್ದಳು. ಒಮ್ಮೆ ನಮ್ಮ ಬೀದಿಯ ಮುಖಂಡರಿಗೆ ಕೆಮ್ಮಿನ ಕಷಾಯದ ಬದಲು ಬಾಣಂತಿಯರ ಕಷಾಯವನ್ನು ವಾರವಿಡೀ ಕುಡಿಸಿದಳು.

"ಕೆಮ್ಮು ಹೋಯ್ತಾ ಸ್ವಾಮಿ?" ಎಂದು ಕೇಳಿದೆ.

"ಹೋಯ್ತಮ್ಮ. ಹಾಲು ಬಂದ್ರೆ ಏನ್ ಗತಿ?"

ಪಕ್ಕದ ಮನೆಯ ಟೈಲರ್ ನಾನು. ಒಂದೇ ತಿಂಗಳಲ್ಲಿ ಅವಳು ಮೂರು ಸಲ ಬಿದ್ದಾಗ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ವೆನಿಂಗ್ ಎಂಬ ಡಾಕ್ಟರಮ್ಮ ಬುದ್ಧಿ ಪರೀಕ್ಷೆ ಮಾಡಿದರು.

"ಬಾಳೆಹಣ್ಣಿಗೂ ಕಿತ್ತಳೆಗೂ ಏನು ಹೋಲಿಕೆ?"

"ಎರಡೂ ನೆಂಟರು ತರೋವು, ಡಾಕ್ಟರಮ್ಮ. ಅರ್ಧ ಕೊಳೆತಿರ್ತವೆ."

"ನಾಲ್ಕು, ಒಂಬತ್ತು, ಎರಡು. ಹಿಂದಿನಿಂದ ಹೇಳಿ."

"ಹಿಂದಿನಿಂದ ಯಾಕಮ್ಮ? ಯಾರಾದ್ರೂ ಮನೆಗೆ ಹಿಂದಿಂದಕ್ಕೆ ನಡ್ಕೊಂಡು ಹೋಗ್ತಾರಾ?" ಎಂದವಳೇ ಆಕಳಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದಳು.

ಅಂಕ ತೀರ ಕಡಿಮೆ ಬಂತು. ಡಾಕ್ಟರಮ್ಮ ಬಿಡದೆ ಗಿರಾಕಿಗಳ ಬಗ್ಗೆ ಕೇಳಿದರು. ಪೋನಿಯಾ ಅರವತ್ತೆರಡು ಮನೆಗಳನ್ನು, ಅಲ್ಲಿನ ಮಂಡಿನೋವು, ಮಲಬದ್ಧತೆ, ಅತ್ತೆ-ಸೊಸೆ ಜಗಳ ಸಮೇತ ಒಪ್ಪಿಸಿದಳು.

"ಇಷ್ಟೆಲ್ಲ ನೆನಪಿದ್ದೂ ಕಷಾಯ ಯಾಕೆ ಅದಲುಬದಲು?"

"ನೆನಪಿರ್ತದೆ ಕಣಮ್ಮ. ಬಾಟಲಿ ತೆಗೆಯೋವಾಗ ಕಣ್ಣು ಮುಚ್ಚಿರ್ತದೆ."

ಡಾಕ್ಟರಮ್ಮ ನಕ್ಕು, ಆಮೇಲೆ ಗಂಭೀರವಾಗಿ ಹೇಳಿದರು: "ಮೂರ್ಛೆ ಒಂದರಿಂದಲೇ ಬುದ್ಧಿ ಹೋಗಲ್ಲ. ಯಾವ ವಯಸ್ಸಲ್ಲಿ ಶುರುವಾಯ್ತು, ಎಷ್ಟು ಸಲ ಬಂತು, ಎಂಥ ಮಾತ್ರೆ ತಗೊಂಡ್ರು, ಎಷ್ಟು ಓದಿದ್ರು, ಎಲ್ಲಾ ಸೇರತ್ತೆ. ನಿಮ್ಮ ಮಾತ್ರೆ ನಿಧಾನವಾಗಿ ಬದಲಾಯಿಸೋಣ."

ಹೊಸ ಮಾತ್ರೆಗೆ ತೂಕಡಿಕೆ ಹೋಯಿತು. ಎಂಟು ತಿಂಗಳು ಅವಳು ಬೀಳಲಿಲ್ಲ. ಮತ್ತೆ ಪರೀಕ್ಷೆ ಮಾಡಿದಾಗ ಅಂಕ ಏರಿತ್ತು. ಆದರೆ "ಎಷ್ಟು ಓದಿದ್ರು" ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ನೇರ ಮೇಷ್ಟ್ರ ಮನೆಗೆ ನಡೆದಳು. ಎಪ್ಪತ್ತು ದಾಟಿದ ದರ್ಸೋನೊ ಮರೆವಿಗೆಂದು ಅವಳ ಹತ್ತಿರವೇ ಒಂದೆಲಗದ ಕಷಾಯ ಕುಡಿಯುತ್ತಿದ್ದರು.

"ಇವತ್ತು ಕುಡಿದೆನಾ?" ಎಂದರು.

"ಎರಡು ಸಲ. ಮೇಷ್ಟ್ರೇ, ನನಗೆ ನಾಲ್ಕನೇ ಕ್ಲಾಸು ಶುರು ಮಾಡಿ."

ಮುದುಕರು ಕಷಾಯದ ಲೋಟ ಕೆಳಗಿಟ್ಟರು. "ಅವತ್ತು ನೀನು ಬಿದ್ದಾಗ ನಾನೇ ಹೆದರಿಬಿಟ್ಟೆ ಕಣೇ. ನನ್ನ ಹೆದರಿಕೆಗೆ ನಿನ್ನ ತಲೆ ಮೇಲೆ ತಪ್ಪು ಹಾಕ್ದೆ," ಎಂದರು.

ಅದನ್ನು ಮಾತ್ರ ಅವರು ಮರೆತಿರಲಿಲ್ಲ. ಪೋನಿಯಾ ಸೆರಗಿನಿಂದ ಮೂಗು ಒರೆಸಿಕೊಂಡು, "ಅಳೋದು ಆಮೇಲೆ. ಮಗ್ಗಿ ಹೇಳಿ," ಎಂದಳು.

ಮಧ್ಯಾಹ್ನದ ಪಾಠ ಜಗಲಿಯ ಮೇಲೆ ನಡೆಯಿತು. ಎಂಟರ ಮಗ್ಗಿಯಲ್ಲಿ ಮೇಷ್ಟ್ರೇ ದಾರಿ ತಪ್ಪುವರು, ಶಿಷ್ಯೆ ಸರಿದಾರಿಗೆ ತರುವಳು. ಒಂದು ದಿನ ಅಲ್ಲೇ ಮೂರ್ಛೆ ಬಂತು. ಮೇಷ್ಟ್ರು ಅವಳನ್ನು ಪಕ್ಕಕ್ಕೆ ಹೊರಳಿಸಿ, ತಲೆಯಡಿ ದಿಂಬಿಟ್ಟು, ಗಡಿಯಾರ ನೋಡುತ್ತ ಕೂತರು. ಎಚ್ಚರವಾದಾಗ ಸಿಹಿ ಚಹಾ ಕೊಟ್ಟರು.

ಎರಡು ವರ್ಷಕ್ಕೆ ದೊಡ್ಡವರ ಪ್ರಾಥಮಿಕ ಪರೀಕ್ಷೆ ಪಾಸಾದಳು. ಗಣಿತದಲ್ಲಿ ಎಪ್ಪತ್ತೊಂದು, ಭಾಷೆಯಲ್ಲಿ ದಡ ಮುಟ್ಟುವಷ್ಟು. ಮೊನ್ನೆ ಮುಂದಿನ ತರಗತಿಗೆ ಅರ್ಜಿಯನ್ನು ತಾನೇ ತುಂಬಿದಳು. "ಉದ್ಯೋಗ" ಎಂಬಲ್ಲಿ "ವಿದ್ಯಾರ್ಥಿನಿ" ಎಂದು ಬರೆದು, ನನ್ನ ಕಡೆ ತಿರುಗಿ, "ಅಕ್ಕಾ, ಕಾಗುಣಿತ ಸರಿ ಇದೆಯಾ?" ಎಂದಳು.