ಪೂವಪ್ಪ ನಂಬದ ಪಟ್ಟಿ

ಬೆಳಗಿನ ಐದು ಗಂಟೆ. ವಡಾಲದ ಹಳೆಯ ಚಾಳೊಂದರ ಎರಡನೇ ಮಹಡಿಯಲ್ಲಿ ಪೂವಪ್ಪ ಒಂದು ಬಾಗಿಲಿನ ಮುಂದೆ ನಿಂತಿದ್ದಾರೆ. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದಾರೆ. ಎರಡೇ ಬೆರಳಿನಿಂದ ಬಾಗಿಲು ತಟ್ಟಿ, ಒಳಗೆ ಲೈಟು ಹತ್ತುವ ಮೊದಲೇ ಹೇಳಿಬಿಡುತ್ತಾರೆ: “ಹೆದರ್ಬೇಡಿ, ನಿಮ್ಮವರಿಗೆ ಯಾರಿಗೂ ಎಂತದೂ ಆಗ್ಲಿಲ್ಲ. ನಾನು ಪೂವಪ್ಪ, ರಕ್ತಕ್ಕೆ ಬಂದದ್ದು.”

ಕಣ್ಣುಜ್ಜಿಕೊಂಡು ಬಾಗಿಲು ತೆರೆಯುವ ಬ್ಯಾಂಕ್ ಗುಮಾಸ್ತ ಕಿಟ್ಟು, “ಮೊನ್ನೆ ತಾನೇ ಕೊಟ್ಟಿದ್ನಲ್ಲ ಪೂವಪ್ಪನವ್ರೆ, ಮೂರು ತಿಂಗಳು ಆಗ್ಬೇಕಲ್ವಾ?” ಎಂದು ರಾಗ ಎಳೆಯುತ್ತಾರೆ.

“ಮೂರು ತಿಂಗಳು ಆಗಿ ಮತ್ತೆ ನಾಲ್ಕು ದಿವಸ ಆಯ್ತು ಸರ್. ನೀವು ಮರೀಬಹುದು, ನಾನು ಮರೀಲಿಕ್ಕುಂಟಾ?”

ಕಿಟ್ಟು ನಗುತ್ತಾ ಅಂಗಿ ಹುಡುಕುತ್ತಾರೆ.

ಪೂವಪ್ಪ ಪರೇಲಿನ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ಸಿಪಾಯಿ, ಅಂದರೆ ಜವಾನ. ಬೇಕಾದ ಗುಂಪಿನ ರಕ್ತ ದಾಸ್ತಾನಿನಲ್ಲಿ ಇಲ್ಲದಾಗ ದಾನಿಯನ್ನು ಮನೆಯಿಂದ ಎಬ್ಬಿಸಿ ಕರೆತರುವುದು ಅವರ ಕೆಲಸ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಈ ಊರಿನಲ್ಲಿ ಜನ ಕೈಗೆ ಸಿಗುವುದು ಮೊದಲ ಲೋಕಲ್ ರೈಲು ಹೊರಟ ಮೇಲೆ, ಅವರ ಡ್ಯೂಟಿ ಶುರುವಾಗುವ ಮುಂಚೆ ಮಾತ್ರ. ದಿನಕ್ಕೆ ಮೂರೋ ನಾಲ್ಕೋ ಮನೆ, ವರ್ಷಕ್ಕೆ ಮೂರು ಜೊತೆ ಚಪ್ಪಲಿ. ಇಪ್ಪತ್ತಮೂರು ವರ್ಷದಿಂದ ಹೀಗೇ ನಡೆದಿದೆ.

ಕಾರ್ಕಳದ ಕಡೆಯಿಂದ ಬಂದ ಪೂವಪ್ಪ ಮೊದಲು ಪರೇಲಿನ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ, ಯಾರಿಗೆ ಇಡ್ಲಿ ಮುಳುಗುವ ಹಾಗೆ, ಒಮ್ಮೆ ಹೇಳಿದರೆ ಸಾಕಿತ್ತು. ಅಲ್ಲಿ ತಿಂಡಿಗೆ ಬರುತ್ತಿದ್ದ ಡಾಕ್ಟರೊಬ್ಬರು ಈ ನೆನಪಿನ ಶಕ್ತಿಗೆ ಮಾರುಹೋಗಿ ರಕ್ತನಿಧಿಗೆ ಸೇರಿಸಿದರಂತೆ. ಅಂದಿನಿಂದ ಸಾಂಬಾರಿನ ಜಾಗದಲ್ಲಿ ರಕ್ತದ ಗುಂಪು ಬಂದು ಕೂತಿದೆ. ತಮ್ಮ ರಕ್ತ ಮಾತ್ರ ಒಮ್ಮೆಯೂ ಕೊಟ್ಟಿಲ್ಲ. “ಒಮ್ಮೆ ಜೋರು ಕಾಮಾಲೆ ಆಗಿತ್ತು. ನನ್ನದು ತಗೊಳ್ಳುದಿಲ್ಲ ಅವರು. ಹಾಗೆ ನಾನು ಬೇರೆಯವರನ್ನು ಕರ್ಕೊಂಡು ಬರುದು” ಎನ್ನುವಾಗ ದನಿ ಸ್ವಲ್ಪ ಇಳಿಯುತ್ತದೆ.

ಎರಡು ವರ್ಷದ ಹಿಂದೆ, ಎಂಬತ್ತೆಂಟರಲ್ಲಿ, ರಕ್ತನಿಧಿಗೆ ಕಂಪ್ಯೂಟರ್ ಬಂತು. ದಾನಿಗಳ ಸಾವಿರದ ನೂರ ನಲವತ್ತು ಕಾರ್ಡುಗಳು ಗೋಣಿಚೀಲ ಸೇರಿ ಉಗ್ರಾಣಕ್ಕೆ ಹೋದವು. ಗುಂಪು ಒತ್ತಿದರೆ ಸಾಕು, ಹೆಸರು, ವಿಳಾಸ ಪಟಪಟನೆ ಅಚ್ಚಾಗಿ ಬರುತ್ತಿತ್ತು. ಆಫೀಸಿಗೆ ಆಫೀಸೇ ಸುತ್ತ ನಿಂತು ನೋಡಿತು. ಪೂವಪ್ಪನೂ ನೋಡಿ ಖುಷಿಪಟ್ಟವರೇ.

ವಾರ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕಾಯಿತು. ಗಿರಣಿ ಕಾರ್ಮಿಕ ಶೆಟ್ಟೆಪ್ಪನ ಹೆಂಡತಿ ಅಂಬವ್ವನಿಗೆ ಒಂಬತ್ತಕ್ಕೆ ಆಪರೇಷನ್. ಇನ್ನೂ ಒಂದು ಬಾಟ್ಲಿ ರಕ್ತ ಕೈಗೆ ಬಾರದೆ ಚಾಕು ಹಿಡಿಯುವುದಿಲ್ಲ, ತಡಮಾಡಿದರೆ ಜೀವ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಮೊದಲ ಹೆಸರು ದೂಜ, ಪಕ್ಕದ ಗಲ್ಲಿಯ ಹೋಟೆಲಿನ ಅಡುಗೆಯವ. ಎರಡನೆಯದು ಗೋರೆಗಾಂವ್‌ನ ಸೀತಾರಾಮ.

“ದೂಜ ಆಗುದಿಲ್ಲ ಮೇಡಂ, ಅವ ಎಬಿ ನೆಗೆಟಿವ್” ಅಂದರು ಪೂವಪ್ಪ. “ನಾಲ್ಕು ಸಲ ನಾನೇ ಕರ್ಕೊಂಡು ಬಂದದ್ದು.” ಎಬಿ ರಕ್ತ ಬಿ ಗುಂಪಿನವರಿಗೆ ಕೊಡುವ ಹಾಗಿಲ್ಲ.

ರಕ್ತನಿಧಿಯ ಮೇಲ್ವಿಚಾರಕಿ ಶೀಲಾವತಿ ಧಾರವಾಡದ ಕಡೆಯವರು. “ಕಂಪ್ಯೂಟರ್ ಸುಳ್ಳು ಹೇಳ್ತದೇನು? ದೂಜ ಇಲ್ಲೇ ಬಾಜೂ ಗಲ್ಲಿಯಾಗ ಇದ್ದಾನ. ಅವನ್ನ ಕರ್ಕೊಂಡು ಬಾ, ಟೆಸ್ಟ್ ಮಾಡೂಣು. ಆಮ್ಯಾಲೆ ಗೋರೆಗಾಂವ್ ನೋಡಿದ್ರಾತು” ಎಂದರು. ಅವರದೂ ತಪ್ಪೇನಿಲ್ಲ. ಆದರೆ ಸೀತಾರಾಮ ಆರೂ ಮುಕ್ಕಾಲಿಗೆ ಮನೆ ಬಿಟ್ಟರೆ ಸಂಜೆವರೆಗೆ ಎಲ್ಲೆಲ್ಲೋ ತಿರುಗುವ ಔಷಧಿ ಕಂಪನಿಯ ಮನುಷ್ಯ. ಆಗಲೇ ಐದೂವರೆ. ಕಾರ್ಡು ತೋರಿಸೋಣವೆಂದರೆ ಉಗ್ರಾಣಕ್ಕೆ ಬೀಗ. ಪೂವಪ್ಪನ ಕೈಯಲ್ಲಿದ್ದದ್ದು ಬರೀ ನೆನಪು.

ದೂಜನನ್ನು ಕರೆಯಲು ಬೇರೆಯವರಿಗೆ ಹೇಳಿ, ಪೂವಪ್ಪ ಶೀಲಾವತಿಯವರನ್ನು ಒಂದು ಮಾತೂ ಕೇಳದೆ ಲೋಕಲ್ ಹತ್ತಿಬಿಟ್ಟರು. “ರೈಲಲ್ಲಿ ಕೂತ ಮೇಲೆ ಹೆದರಿಕೆ ಆಯ್ತು ಮಾರಾಯ್ರೆ. ನನಗೇ ಎಲ್ಲಿಯಾದ್ರೂ ತಪ್ಪಿದ್ರೆ? ಕೆಲಸ ಹೋದ್ರೆ ಹೋಗ್ಲಿ, ಆ ಹೆಂಗಸಿನ ಗತಿ ಎಂತ?” ಗೋರೆಗಾಂವ್‌ನ ಬಿಲ್ಡಿಂಗಿನ ಮೆಟ್ಟಿಲ ಮೇಲೆ, ಬ್ಯಾಗು ಹಿಡಿದು ಇಳಿಯುತ್ತಿದ್ದ ಸೀತಾರಾಮ ಎದುರಾದರು. ಐದು ನಿಮಿಷ ತಡವಾಗಿದ್ದರೆ ಅವರೂ ಇಲ್ಲ.

ಇತ್ತ ಪರೇಲಿನಲ್ಲಿ ದೂಜನ ರಕ್ತ ಪರೀಕ್ಷೆಯಾಯಿತು. ಎಬಿ ನೆಗೆಟಿವ್. ಪೂವಪ್ಪನಿಗೆ ಮೆಮೊ ಬರೆಯಲು ಹಾಳೆ ತೆಗೆದಿದ್ದ ಶೀಲಾವತಿ, ಅದೇ ಹಾಳೆಯಲ್ಲಿ ಕಂಪ್ಯೂಟರಿನವರಿಗೆ ದೂರು ಬರೆದರು. ಎಂಟಕ್ಕೆ ಸೀತಾರಾಮರ ರಕ್ತ ತೆಗೆದಾಯಿತು. ಒಂಬತ್ತಕ್ಕೆ ಅಂಬವ್ವನನ್ನು ಒಳಗೆ ಕರೆದೊಯ್ದರು.

ಪ್ರೋಗ್ರಾಂ ಬರೆದವರು ಬೆಂಗಳೂರಿನ ಸತ್ಯಮೂರ್ತಿ. ಮಧ್ಯಾಹ್ನ ಓಡಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಹೆಸರು, ವಿಳಾಸ, ಗುಂಪು ಎಲ್ಲ ಒಂದೇ ಸಾಲಿನಲ್ಲಿದ್ದವು. “ಸಾಲಿನ ಕೊನೆಯಿಂದ ಎರಡು ಅಕ್ಷರ ಕತ್ತರಿಸಿ ಕೊಡು ಅಂದಿದ್ದೆ. ಇಂಗ್ಲಿಷಿನ ಬಿ ಒಂದು, ನೆಗೆಟಿವ್‌ಗೆ ಕಳೆಯೋ ಗುರುತು ಒಂದು, ಎರಡು ಸಾಕು. ಎಬಿಗೆ ಮೂರು ಬೇಕಲ್ಲ! ಎ ಅಲ್ಲೇ ಉಳೀತು, ದೂಜ ಬಿ ಆಗ್ಬಿಟ್ರು. ನಮ್ಮನೆಯವರ ಗುಂಪು ಹಾಕಿ ಪರೀಕ್ಷೆ ಮಾಡಿದ್ದೆ, ಒಬ್ಬರೂ ಎಬಿ ಇರ್ಲಿಲ್ಲ.”

ಅಲ್ಲಿಗೆ ಮುಗಿಯಲಿಲ್ಲ. ಎರಡನ್ನು ಮೂರು ಮಾಡಿದರು. ಈಗ ಎಬಿಯವರೆಲ್ಲ ಸರಿಯಾಗಿ ಬಂದರು, ಬಿ ನೆಗೆಟಿವ್ ಕೇಳಿದರೆ ಹಾಳೆಯೇ ಖಾಲಿ! ಮೂರು ಅಕ್ಷರ ಕತ್ತರಿಸುವಾಗ ಬಿ ಹಿಂದಿನ ಖಾಲಿ ಜಾಗವೂ ಜೊತೆಗೆ ಬರುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಖಾಲಿ ಜಾಗವೂ ಒಂದು ಅಕ್ಷರ, ಹಾಗಾಗಿ ಅದು ಬೇರೆಯೇ ಗುಂಪು. “ಮುಂಜಾನೆ ಮಂದಿ ಹೆಚ್ಚಾಗಿದ್ರು, ಈಗ ಒಬ್ಬರೂ ಇಲ್ಲೇನು?” ಎಂದು ಶೀಲಾವತಿ ಗದರಿದರೆ, ಪೂವಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕರಂತೆ.

ಕೊನೆಗೆ ಸತ್ಯಮೂರ್ತಿ ಕತ್ತರಿಸುವ ಗೊಡವೆಯನ್ನೇ ಬಿಟ್ಟರು. ಗುಂಪಿಗೆ ಬೇರೆ ಅಂಕಣ ಮಾಡಿದರು. ಗೋಣಿಚೀಲಗಳು ಉಗ್ರಾಣದಿಂದ ಹೊರಬಂದವು. ಹನ್ನೊಂದು ದಿನ ಪೂವಪ್ಪ ಒಂದೊಂದೇ ಕಾರ್ಡು ಓದಿದರು, ಸತ್ಯಮೂರ್ತಿ ಪರದೆ ನೋಡಿ ತಾಳೆ ಹಾಕಿದರು. “ಪೂವಪ್ಪನವರು ಕಾರ್ಡು ನೋಡೋಕೆ ಮುಂಚೆನೇ ಗುಂಪು ಹೇಳ್ತಿದ್ರು. ನಾನು ಸುಮ್ನೆ ಟೈಪಿಸ್ಟ್” ಎನ್ನುತ್ತಾರೆ ಸತ್ಯಮೂರ್ತಿ. ಈಗ ಯಾವ ಪಟ್ಟಿ ಅಚ್ಚಾದರೂ ಮೊದಲು ಪೂವಪ್ಪನ ಕೈಗೆ ಬರುತ್ತದೆ. ಅವರು ಪೆನ್ಸಿಲಿನಲ್ಲಿ ಗೀಟು ಹಾಕದೆ ಯಾರೂ ದಾನಿಯ ಮನೆಗೆ ಹೊರಡುವಂತಿಲ್ಲ.

ಅಂಬವ್ವನಿಗೆ ಇದ್ಯಾವುದೂ ಗೊತ್ತಿಲ್ಲ. ಎರಡು ತಿಂಗಳ ಮೇಲೆ ಶೆಟ್ಟೆಪ್ಪನ ಜೊತೆ ತೆಂಗಿನಕಾಯಿ, ಹೂವು ಹಿಡಿದು ಬಂದು, ಬಾಗಿಲಲ್ಲಿ ಕೂತಿದ್ದ ಪೂವಪ್ಪನನ್ನೇ ಕೇಳಿದಳು: “ಯಪ್ಪಾ, ನನ್ನ ಉಳಿಸಿದ ಡಾಕ್ಟರ್ ಸಾಹೇಬ್ರ ಖೋಲಿ ಯಾವುದ್ರೀ?” ಪೂವಪ್ಪ ಎದ್ದು ಹೋಗಿ ಮೂರನೇ ಮಾಳಿಗೆಯಲ್ಲಿದ್ದ ಡಾಕ್ಟರ ಕೋಣೆ ತೋರಿಸಿ ಬಂದರು.

ಒಂದು ಮಾತು ಹೇಳಬಹುದಿತ್ತಲ್ಲ ಎಂದು ಕೇಳಿದರೆ ಅವರಿಗೆ ಆಶ್ಚರ್ಯ.

“ಹೇಳುದೆಂತದು? ಮೂರನೇ ಮಾಳಿಗೆಗೆ ಆ ಹೆಂಗಸು ಯಾರ ಕೈ ಹಿಡೀದೆ ಹತ್ತಿದ್ಲು. ನಾನು ಹಿಂದಿನಿಂದ ನೋಡ್ತಾ ಇದ್ದೆ.”