ನಡುಹೊಲದ ತೆನೆಗೆ ಆಕರ ಯಾವುದು

ಮದುವೆಯ ಕರೆಯೋಲೆಗಳನ್ನು ಎಸೆಯುವುದು ನನ್ನಿಂದಾಗದ ಕೆಲಸ. ಒಂದೇ ಕಡೆ ಅಚ್ಚಾದ ಗಟ್ಟಿ ಕಾಗದ, ಬೆನ್ನು ನುಣ್ಣಗೆ ಖಾಲಿ; ಕಂಡರೆ ನನ್ನ ಪೆನ್ನಿಗೆ ತಡೆದುಕೊಳ್ಳಲಾಗದು. ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ತಲೆಯ ಅರ್ಧ ಕೂದಲು ಬೆಳ್ಳಗಾದ ಮೇಲೆ ನಾನು ಪಿಎಚ್.ಡಿ.ಗೆ ಹೆಸರು ಹಚ್ಚಿದವಳು. ವಿಷಯ, ನಮ್ಮ ಭಾಗದ ಹೆಂಗಸರು ಜೋಳದ ಬೀಜ ಕಾಯ್ದಿಟ್ಟುಕೊಳ್ಳುವ ರೀತಿ. ಓದಿದ್ದು, ಕೇಳಿದ್ದು, ಬಸ್ಸಿನ ಕಿಟಕಿಯಲ್ಲಿ ಹೊಳೆದದ್ದು ಎಲ್ಲವೂ ಕರೆಯೋಲೆಗಳ ಬೆನ್ನೇರಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಸೇರಿದವು. ಕಾಗದದ ಮುಂಬದಿಯಲ್ಲಿ ಮುತ್ತಜ್ಜನಿಂದ ಹಿಡಿದು ಸೋದರಮಾವನವರೆಗೆ ವಧೂವರರ ವಂಶವೆಲ್ಲ ಇರುತ್ತಿತ್ತು. ಹಿಂದೆ ಮಾತ್ರ ಹೆತ್ತವರಾರೆಂದು ತಿಳಿಯದ ನನ್ನ ಟಿಪ್ಪಣಿ.

ಆ ಡಬ್ಬಿಯನ್ನು ನೋಡಿ ಮೊದಲು ನಕ್ಕವರು, ಆಮೇಲೆ ಮರುಗಿದವರು ನಮ್ಮ ಕಾಲೇಜಿನ ಗ್ರಂಥಪಾಲಕಿ ಫರ್ಜಾನಾ ಮೇಡಂ. ಅವರು ನನ್ನ ಲ್ಯಾಪ್‌ಟಾಪಿಗೆ ಎರಡು ತಂತ್ರಾಂಶ ಹಾಕಿಕೊಟ್ಟರು. ಒಂದು, ಪುಸ್ತಕ ಲೇಖನಗಳ ಹೆಸರು, ಬರೆದವರು, ವರ್ಷ, ಪುಟ ಎಲ್ಲವನ್ನೂ ಒಪ್ಪವಾಗಿ ಇಟ್ಟುಕೊಳ್ಳುವುದು. ಇನ್ನೊಂದು, ಟಿಪ್ಪಣಿ ಬರೆದುಕೊಳ್ಳುವುದು. ಎರಡೂ ತಮ್ಮ ತಮ್ಮ ಪಾಡಿಗಿದ್ದವು.

“ಇವೆರಡನ್ನೂ ಬೀಗರು ಮಾಡಬೇಕ್ರಿ ಮೇಡಂ,” ಎಂದರು ಫರ್ಜಾನಾ. “ಒಬ್ಬರ ಮನ್ಯಾಗ ಪುಸ್ತಕ ಅದಾವ, ಇನ್ನೊಬ್ಬರ ಮನ್ಯಾಗ ಮಾತು ಅದಾವ. ಹೋಗಿ ಬರೂ ದಾರಿ ಇಲ್ದ ಎಂಥಾ ಸಂಬಂಧರಿ?”

ಹಾಗೆ ಅವೆರಡೂ ಬೀಗರಾದವು. ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು ಒಂದೊಂದೇ ಕರೆಯೋಲೆಯನ್ನು ತಿರುವಿ ಟೈಪು ಮಾಡುತ್ತ, ಪ್ರತಿ ಟಿಪ್ಪಣಿಯ ಬಾಲಕ್ಕೆ ಅದರ ಪುಸ್ತಕದ ಗುರುತು ಕಟ್ಟುತ್ತ ಹೋದೆ. ಆ ಗುರುತನ್ನು ಒತ್ತಿದರೆ ಸಾಕು, ಮಾತು ಹುಟ್ಟಿದ ಪುಟವೇ ಎದುರು ಬಂದು ನಿಲ್ಲುತ್ತದೆ. ಇದರ ಸುಖವನ್ನು ನಿಮಗೆ ಹೇಗೆ ಹೇಳಲಿ? ಹೊಸ ಸೊಸೆ ಹೊಸಿಲು ದಾಟಿದೊಡನೆ ಓಣಿಯವರೆಲ್ಲ ಸೇರಿ ಯಾವ ಊರು, ಯಾರ ಮಗಳು ಎಂದು ವಿಚಾರಿಸುವುದನ್ನು ನಾನು ಬರೀ ಚಪಲವೆಂದು ತಿಳಿದಿದ್ದೆ. ಈಗ ಅದರಲ್ಲೊಂದು ಆದರವೂ ಕಾಣತೊಡಗಿತು. ಎಲ್ಲಿಂದ ಬಂದೆ ಎಂದು ಯಾರೂ ಕೇಳದಿದ್ದರೆ ಬಂದದ್ದು ಯಾರ ಲೆಕ್ಕಕ್ಕೂ ಇಲ್ಲ ತಾನೆ.

ಎಲ್ಲ ಮುಗಿದ ಮೇಲೆ ಗುರುತಿಲ್ಲದೆ ಉಳಿದವು ಕೆಲವು. ಬಹಳಷ್ಟನ್ನು ನಗುತ್ತಲೇ ಬಿಟ್ಟುಕೊಟ್ಟೆ. ಒಂದನ್ನು ಮಾತ್ರ ಬಿಡುವಂತಿರಲಿಲ್ಲ. ಅಫಜಲಪುರದ ಮದುವೆಯೊಂದರ ಕರೆಯೋಲೆಯ ಹಿಂದೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಬದುವಿನ ಪಕ್ಕದ ತೆನೆ ದೊಡ್ಡದಿದ್ದರೂ ಬೀಜಕ್ಕೆ ಬೇಡ, ಅದಕ್ಕೆ ಬಿಸಿಲೂ ಜಾಗವೂ ಹೆಚ್ಚು ಸಿಕ್ಕಿರುತ್ತದೆ. ನಡುಹೊಲದಲ್ಲಿ ನಾಲ್ಕು ಮಂದಿಯ ನಡುವೆ ಗುದ್ದಾಡಿ ಬೆಳೆದದ್ದನ್ನು ಆರಿಸು.’ ನನ್ನ ನಾಲ್ಕನೆಯ ಅಧ್ಯಾಯ ಪೂರ್ತಿ ಈ ಮಾತಿನ ಮೇಲೆ ನಿಂತಿತ್ತು. ‘ನಮ್ಮ ಹೆಂಗಸರ ತಲೆಮಾರುಗಳ ತಿಳಿವಳಿಕೆ’ ಎಂದು ಧಾರಾಳವಾಗಿ ಬರೆದೂ ಬಿಟ್ಟಿದ್ದೆ. ಮಾರ್ಗದರ್ಶಕರು ಅದರ ಪಕ್ಕ ಕೆಂಪಿನಲ್ಲಿ ಕೇಳಿದ್ದರು: ‘ಯಾರು ಹೇಳಿದ್ದು? ಆಕರ ಸಿಗದಿದ್ದರೆ ಅಧ್ಯಾಯ ಕೈಬಿಡಿ.’ ಪ್ರಬಂಧ ಒಪ್ಪಿಸಲು ಉಳಿದದ್ದು ಒಂದೇ ತಿಂಗಳು.

ಕರೆಯೋಲೆಯನ್ನು ತಿರುಗಿಸಿ ನೋಡುತ್ತ ಕುಳಿತಾಗ ನೆನಪಾಯಿತು. ಕಳೆದ ಸಲದ ಜೋಳದ ಕೊಯ್ಲಿಗೆ ಮುಂಚೆ ಆ ಮದುವೆ ಮುಗಿಸಿಕೊಂಡು ನಾನು ನಿಂಬರ್ಗಾಕ್ಕೆ, ನನ್ನ ಸಣ್ಣವ್ವ, ಅವ್ವನ ತಂಗಿ ಶಾಂತವ್ವನ ಮನೆಗೆ ಹೋಗಿದ್ದೆ. ಬೀಜದ ಮಾತನ್ನು ಅವಳಲ್ಲದೆ ಇನ್ನಾರು ಹೇಳಿಯಾರು? ರವಿವಾರ ಬೆಳಿಗ್ಗೆಯೇ ಹೊರಟು, ಬಸ್ಸು ಬದಲಿಸಿ ಹೋಗಿ ಇಳಿದೆ. ಸಣ್ಣವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಟಿಪ್ಪಣಿ ಓದಿ ಹೇಳಿ, ಇದು ನೀನು ಹೇಳಿದ್ದು ಹೌದಲ್ಲ ಎಂದೆ.

“ನಾ ಎಲ್ಲಿ ಹೇಳೇನಿ?” ಎಂದಳು, ಕೈ ನಿಲ್ಲಿಸದೆ. “ನೀನ ಹೇಳಿದ್ದಿ. ಪುಸ್ತಕದಾಗ ಅದ ಅಂದಿದ್ದಿ. ಪುಸ್ತಕಕ್ಕ ಹೊಲ ಎಲ್ಲಿ ಗೊತ್ತದಬೇ ಅಂತ ನಾ ನಕ್ಕಿದ್ದೆ. ಇಷ್ಟು ಓದಿದಾಕಿ, ಅದೂ ಮರ್ತಿ?”

ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತೆ; ಯಾವ ಪುಸ್ತಕವೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳ ಬಾಯಿಂದ ಹೌದು ಎಂಬ ಒಂದು ಮಾತು ಸಿಕ್ಕಿದ್ದರೆ ಅದನ್ನೇ ಆಕರವೆಂದು ಕಟ್ಟಿ, ನನ್ನದೇ ಮಾತನ್ನು ಅವಳ ಮಾತೆಂದೂ ಅವಳ ಮಾತನ್ನು ಅವಳ ಅಜ್ಜಿಯ ಮಾತೆಂದೂ ನಂಬಿಸಿಬಿಡುತ್ತಿದ್ದೆನಲ್ಲ. ಯಂತ್ರವೂ ಅದನ್ನು ಚಾಚೂ ತಪ್ಪದೆ ಜೋಡಿಸುತ್ತಿತ್ತು. ದಾರಿ ಹಾಕಿಕೊಡುವುದಷ್ಟೇ ಅದರ ಕೆಲಸ. ದಾರಿಯ ಕೊನೆಗೆ ಮನೆಯಿದೆಯೋ ಇಲ್ಲವೋ ಎಂದು ನೋಡಿಬರಬೇಕಾದದ್ದು ನಮ್ಮ ಕಾಲು. ಹಿರಿಯರ ಮಾತೆಂದು ನಾವು ತಲೆಯ ಮೇಲೆ ಹೊತ್ತು ತಿರುಗುವ ಎಷ್ಟು ಮಾತುಗಳು ಹೀಗೆ ನಮ್ಮ ಕೈಯಿಂದಲೇ ಹೋಗಿ ಅವರ ಬಾಯಿಂದ ಮರಳಿ ಬಂದವೋ ಏನೋ.

ನನ್ನ ಮುಖ ನೋಡಿ ಸಣ್ಣವ್ವ ಮೊರ ಕೆಳಗಿಟ್ಟಳು. “ಏಳು, ಹೊಲಕ್ಕ ನಡಿ.”

ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ವರ್ಷಾನುಗಟ್ಟಲೆ ಬದುವಿನ ದಪ್ಪ ತೆನೆಯನ್ನೇ ಬೀಜಕ್ಕೆ ಎತ್ತಿಡುತ್ತಿದ್ದವಳು ಕಳೆದ ಕೊಯ್ಲಿನಲ್ಲಿ, ನನ್ನ ಮಾತಿಗೆ ನಕ್ಕಿದ್ದರೂ, ಎರಡೂ ಕಡೆಯ ತೆನೆ ಬೇರೆ ಬೇರೆ ಕಟ್ಟಿಟ್ಟು ಬೇರೆ ಬೇರೆ ಸಾಲಿನಲ್ಲಿ ಬಿತ್ತಿದ್ದಳು.

“ನೋಡು, ನಡುಹೊಲದ್ದು ಒಂದ ಸಮ ಎದ್ದದ. ಬದುವಿಂದು ಒಂದು ನಿಂತದ, ಒಂದು ಕುಂತದ. ಒಂದ ವರ್ಷದ್ದು ನೋಡಿ ಹೌದು ಅನ್ನಂಗಿಲ್ಲ ನಾ. ಮುಂದಿನ ಸಲಾನೂ ನೋಡ್ತೇನಿ.”

ಬದುವಿನ ಮೇಲೆಯೇ ಕುಳಿತು ಲ್ಯಾಪ್‌ಟಾಪು ತೆರೆದೆ. ತಲೆಮಾರುಗಳ ತಿಳಿವಳಿಕೆಯನ್ನು ಅಳಿಸಿದೆ. ಮೊದಲು ಹೇಳಿದವರು ‘ತಿಳಿಯದು’ ಎಂದು ಬರೆದೆ. ಆಮೇಲೆ ಸಂದರ್ಶನ ಎಂಬ ಹೊಸ ನಮೂದು ತೆರೆದು ಹೆಸರಿನ ಮನೆಯಲ್ಲಿ ಶಾಂತವ್ವ ಎಂದು ಒತ್ತಿದೆ.

“ಬರೇ ಶಾಂತವ್ವ ಅಂದ್ರ ಯಾರಂತ ತಿಳಿಬೇಕು? ಊರಾಗ ಐದು ಮಂದಿ ಶಾಂತವ್ವ ಅದಾರ,” ಎಂದು ತನ್ನ ತವರಿನ ಅಡ್ಡಹೆಸರು, ಗಂಡನ ಮನೆಯ ಅಡ್ಡಹೆಸರು ಎರಡನ್ನೂ ಬರೆಸಿದಳು. ಆಮೇಲೆ ಹೇಳಿದಳು, “ಮದಲ ನಾ ಬದುವಿನ ತೆನಿನೇ ಇಡ್ತಿದ್ದೆ ಅನ್ನೂದೂ ಬರಿ. ತಪ್ಪಿದ್ದು ಬರೀಲಿಲ್ಲಂದ್ರ ತಿದ್ದಿಕೊಂಡಿದ್ದು ಯಾರು ನಂಬ್ತಾರ?”

ಅಧ್ಯಾಯ ಮೊದಲಿನ ಅರ್ಧಕ್ಕಿಳಿಯಿತು. ಕಳಿಸಿದ ವಾರಕ್ಕೆ ಮಾರ್ಗದರ್ಶಕರಿಂದ ಮರಳಿ ಬಂತು. ಶಾಂತವ್ವನ ಹೆಸರಿನ ಪಕ್ಕ ಕೆಂಪಿನಲ್ಲಿ ಒಂದೇ ಸಾಲಿತ್ತು: ‘ಇರಲಿ. ಈ ತಾಯಿಯ ಹೊಲ ನೋಡಲು ಯಾವಾಗ ಬರಬಹುದು?’

ಫೋನು ಮಾಡಿ ಸಣ್ಣವ್ವನಿಗೆ ಓದಿ ಹೇಳಿದೆ.

“ಸೀತನಿ ಕಾಲಕ್ಕ ಬರಾಕ ಹೇಳು,” ಎಂದಳು. “ಹಸಿ ತೆನಿ ಸುಟ್ಟು, ತಿಕ್ಕಿ ಬಿಸಿಬಿಸಿ ಕೊಡ್ತೇನಿ, ಹೊಟ್ಟಿ ತುಂಬ ತಿನ್ನಲಿ. ಖರೆ ಬದುವಿನ ತೆನಿ ಅಷ್ಟ. ನಡುಹೊಲದಾಗ ಕೈ ಹಾಕಬಾರ್ದು ಅಂತ ಈಗಲೇ ಹೇಳಿಬಿಡು ನಿನ್ನ ಮಾಸ್ತರಿಗೆ.”